ಶಿರಾದ ಭಾನುವಾರದ ಕೊಠಡಿ

ಮದ್ಯಪಾನದ ವಿರುದ್ಧ ನಾನು ಮಾತನಾಡದ ಊರು ಮಧುಗಿರಿ ಸೀಮೆಯಲ್ಲಿ ಕಡಿಮೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಕ್ರಮದಲ್ಲೇ ಮೊದಲು ಎದುರಾಳಿಯ ವಾದವನ್ನು ಗೌರವದಿಂದ ಮಂಡಿಸಿ, ಆಮೇಲೆ ಒಂದೊಂದಾಗಿ ಕೆಡವುತ್ತಿದ್ದೆ. ದೊಡ್ಡೇರಿಯಲ್ಲಿ ಚಪ್ಪಾಳೆ ಬಿದ್ದಿದೆ; ಪಾವಗಡದಲ್ಲಿ ತೆಲುಗು ಬೆರೆಸಿ ಮಾತನಾಡಿದಾಗ ಹೆಂಗಸರು ಕಣ್ಣೊರೆಸಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ನನ್ನ ಅಣ್ಣ ಕುಡಿಯುತ್ತಲೇ ಇದ್ದ.

ಆ ಸ್ಪರ್ಧೆಗಳಿಗೆ ನನ್ನನ್ನು ಮೊಪೆಡ್ಡಿನಲ್ಲಿ ಕರೆದೊಯ್ದವನು ಅವನೇ. ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ತನ್ನ ಅಂಗಡಿಯಲ್ಲಿ ಕೂತು, ಕೈ ನಿಲ್ಲಿಸದೆ, ನನ್ನ ಭಾಷಣಗಳನ್ನು ಎಲ್ಲರಿಗಿಂತ ಮೊದಲು ಕೇಳಿದವನೂ ಅವನೇ. "ಎರಡ್ನೇ ಪಾಯಿಂಟು ಸಡ್ಲ ಐತೆ ಕಣೆ" ಎನ್ನುತ್ತಿದ್ದ. ಆ ಕೈಗಳೇ ತಂತಿ ಹಿಡಿಯಲಾರದಷ್ಟು ನಡುಗತೊಡಗಿದ ಮೇಲೆ ಒಂದು ಬೆಳಿಗ್ಗೆ ಹೇಳಿದ: "ನಿನ್ ಭಾಷಣ ಸಾಕು. ಕುಡ್ದು ಬುಟ್ಟೋರು ಯಾರಾದ್ರೂ ಇದ್ರೆ ತೋರ್ಸು. ಇಲ್ದಿದ್ರೆ ನಾನು ಉಳಿಯಾಕಿಲ್ಲ."

ನಡುಕಕ್ಕೆ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಬಿಟ್ಟವರೆಲ್ಲ ಎಲ್ಲೋ ಸೇರುತ್ತಾರೆಂದೂ ಹೇಳಿದರು. ಎಲ್ಲಿ ಎಂಬುದು ಅವರಿಗೂ ತಿಳಿದಿರಲಿಲ್ಲ. ಕೊರಟಗೆರೆಯಲ್ಲಿ ವಿಚಾರಿಸಿದೆ, ಪಾವಗಡಕ್ಕೂ ಹೋಗಿಬಂದೆ. ಹೆಸರು ಹೇಳಿಕೊಳ್ಳದವರ ಸಭೆಗೆ ಬೋರ್ಡು ಇರುವುದಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ಕೊನೆಗೆ ದಾರಿ ತೋರಿಸಿದವನು ಮಧುಗಿರಿಯ ಒಂದು ಬಾರಿನ ಸಪ್ಲೈಯರ್.

"ನಮ್ ಬಾಗ್ಲು ಮುಂದೆ ಮೈಕ್ ಇಟ್ಕಂಡು ಕೂಗಿದ್ದೋರು ನೀವೇ ಅಲ್ವಾ?" ಎಂದು ನಕ್ಕ. "ನಿಮ್ ಭಾಷಣಕ್ಕೆ ಒಬ್ಬ ಗಿರಾಕೀನೂ ಕದಲ್ಲಿಲ್ಲ ಕಣಮ್ಮ. ಆದ್ರೆ ಖಾಯಂ ಬರೋ ಮೂರು ಜನ ಶಿರಾಕ್ಕೆ ಹೋಗಿ ಹಾಳಾಗೋದ್ರು! ಅಲ್ಲೊಂದು ಟ್ಯೂಷನ್ ರೂಮಂತೆ, ಭಾನುವಾರ ಸೇರ್ತಾರಂತೆ. ನಮ್ ಯಾಪಾರಕ್ಕೆ ಕಲ್ಲು ಹಾಕಿದ್ದು ಅದೇಯ."

ಆ ಕ್ಷಣದಲ್ಲಿ ಸಂತೋಷವಾಗಬೇಕಿತ್ತು. ನನಗಾದದ್ದು ಹೊಟ್ಟೆಯುರಿ.

ಭಾನುವಾರ ಅಣ್ಣನೊಂದಿಗೆ ಶಿರಾಕ್ಕೆ ಹೋದೆ. ಕೊಠಡಿಯ ಬಾಗಿಲಲ್ಲಿ ಹತ್ತಿಯ ಹಾಸಿಗೆ ಹೊಲಿಯುವ ಹಿರಿಯರೊಬ್ಬರು ನಿಂತಿದ್ದರು. ಅಂಗಿಯ ತೋಳಿನ ಮೇಲೆ ಇನ್ನೂ ಹತ್ತಿಯ ಎಳೆಗಳಿದ್ದವು.

"ಬೆಹೆನ್, ನೀವೂ ಕುಡೀತೀರಾ?"

"ನಾನಾ? ಇಲ್ಲ!"

"ಹಾಗಾದ್ರೆ ಹೊರಗೆ ಕೂತ್ಕೊಳ್ಳಿ. ಇವತ್ತಿನ ಮೀಟಿಂಗು ನಮ್ಮಂಥೋರಿಗೆ ಮಾತ್ರ."

ವ್ಯಸನಮುಕ್ತಿಯ ಬಗ್ಗೆ ಬಹುಮಾನಗಳನ್ನು ಗೆದ್ದಿದ್ದ ನಾನು ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಒಂದು ಗಂಟೆ ಕೂತೆ, ಅರ್ಹತೆಯಿಲ್ಲದವಳಾಗಿ. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಆದರೆ ಒಮ್ಮೆ ಅಣ್ಣ ನಕ್ಕದ್ದು ಕೇಳಿಸಿತು. ಮೊದಲು ಮೂಗಿನಲ್ಲಿ ಶುರುವಾಗಿ ಆಮೇಲೆ ಎದೆಗಿಳಿಯುವ ಅವನ ನಗು. ನಮ್ಮ ಮನೆಯಲ್ಲಿ ಅದನ್ನು ಕೇಳಿ ವರ್ಷಗಳಾಗಿದ್ದವು.

ಬಸ್ಸಿನಲ್ಲಿ ಕೇಳಿದೆ, "ಅವ್ರು ಏನ್ ಹೇಳಿದ್ರು?"

"ಏನೂ ಹೇಳ್ಲಿಲ್ಲ ಕಣೆ. ಅವ್ರು ಬಿದ್ದಿದ್ದು ಹೇಳ್ಕಂಡ್ರು. ನಾನೂ ಹೇಳ್ಕಂಡೆ."

ಅಣ್ಣ ಅಂದಿನಿಂದ ಕುಡಿಯಲಿಲ್ಲ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ, ಮೊದಲು ಬಾರಿನತ್ತ ಕಾಲೆಳೆಯುತ್ತಿದ್ದ ಅದೇ ಹೊತ್ತಿಗೆ, ಹಾಸಿಗೆಯವರಿಗೆ ಫೋನ್ ಮಾಡುತ್ತಿದ್ದ. ನಾನು ಪಕ್ಕದಲ್ಲೇ ಇದ್ದರೂ ಎದ್ದು ದೂರ ಹೋಗುತ್ತಿದ್ದ. ಅವನು ಸ್ನಾನಕ್ಕೆ ಹೋದಾಗ ನಾನು ಅವನ ಫೋನ್ ತೆಗೆದು, ಹೆಸರು ಹಾಕದ ಆ ನಂಬರಿನೊಂದಿಗೆ ಎಷ್ಟು ಹೊತ್ತು ಮಾತನಾಡಿದ್ದಾನೆಂದು ನೋಡುತ್ತಿದ್ದೆ. ಅದು ಸರಿಯಲ್ಲವೆಂದು ನನಗೆ ಗೊತ್ತಿತ್ತು. ಅವರು ಮಾಡಿದ್ದಾದರೂ ಏನು? ಒಂದು ಅಂಕಿ ಅಂಶವಿಲ್ಲ, ಒಂದು ಪೂರ್ವಪಕ್ಷವಿಲ್ಲ. ಮನಸ್ಸಿನಲ್ಲೇ ವೇದಿಕೆ ಹೂಡಿ ಆ ಮನುಷ್ಯನನ್ನು ದಿನವೂ ಸೋಲಿಸುತ್ತಿದ್ದೆ. ಮರುದಿನ ಸಂಜೆ ಅಣ್ಣ ಮತ್ತೆ ಅವರಿಗೇ ಫೋನ್ ಮಾಡುತ್ತಿದ್ದ.

ಕೆಲವು ತಿಂಗಳ ನಂತರ ಕೊರಟಗೆರೆಯಲ್ಲಿ ಸಂಬಂಧಿಕರ ಗೃಹಪ್ರವೇಶ. ಊಟದ ಎರಡನೇ ಪಂಕ್ತಿ ಏಳುತ್ತಿದ್ದಂತೆ ಹಿತ್ತಲಿನಿಂದ ನಮ್ಮ ಭಾವ ಕೂಗಿದರು: "ಬಾರ್ಲಾ, ತಂಗಿ ಸೆರಗು ಹಿಡ್ಕಂಡು ಎಷ್ಟು ದಿನ ಇರ್ತೀಯ? ಒಂದೇ ಒಂದು!" ಸುತ್ತಲಿನವರು ನಕ್ಕರು. ಅಣ್ಣ ನಗುತ್ತಲೇ ನನ್ನ ಬಳಿ ಬಂದ, ಆದರೆ ಹಣೆ ಬೆವೆತಿತ್ತು.

"ನನ್ ಫೋನ್ ಸತ್ತೋಗೈತೆ. ನಿನ್ದು ಕೊಡು. ಅವ್ರ ನಂಬರು..." ಎಂದವನು ತಡವರಿಸಿದ. ಅವನಿಗೆ ಅದು ಬಾಯಿಗೆ ಬರುತ್ತಿರಲಿಲ್ಲ.

ನನ್ನೊಳಗೆ ಮೂರು ಅಂಶಗಳ ಭಾಷಣವೊಂದು ಸಿದ್ಧವಾಗಿ ನಿಂತಿತ್ತು. "ಅಣ್ಣ, ಒಂದು ನಿಮಿಷ ಕೇಳು" ಎಂದು ಶುರುಮಾಡಿಯೂಬಿಟ್ಟೆ. ಅವನು ಕೇಳಲಿಲ್ಲ, ಹಿತ್ತಲ ಬಾಗಿಲನ್ನು ನೋಡುತ್ತಿದ್ದ. ಭಾಷಣ ನಿಲ್ಲಿಸಿ, ಎಲ್ಲಿಯೂ ನೋಡದೆ, ಹತ್ತೂ ಅಂಕಿಗಳನ್ನು ಒತ್ತಿದೆ. "ಬೋಲೋ" ಎಂಬ ದನಿ ಬಂದ ಕೂಡಲೇ ಫೋನನ್ನು ಅವನ ಕೈಗಿಟ್ಟು, ಯಾರೂ ಹೇಳದಿದ್ದರೂ, ಹೊರಗಿನ ಜಗಲಿಗೆ ಹೋಗಿ ಕೂತೆ.

ಎಷ್ಟೋ ಹೊತ್ತಿನ ಮೇಲೆ ಅವನು ಬಂದು ಪಕ್ಕದಲ್ಲಿ ಕೂತ. ಬಾಯಿಂದ ಬರುತ್ತಿದ್ದದ್ದು ಎಲೆಯಡಿಕೆಯ ವಾಸನೆ ಮಾತ್ರ.

"ಆ ನಂಬರು ನಿಂಗೆಂಗೆ ಬಾಯಿಪಾಠ ಆಯ್ತೆ?"

ಸುಳ್ಳು ಹೇಳಲು ನೂರು ಕಾರಣಗಳು ತೋಚಿದವು.

"ದಿನಾ ನಿನ್ನ ಫೋನ್ ಕದ್ದು ನೋಡ್ತಿದ್ದೆ," ಎಂದೆ. "ಹೊಟ್ಟೆಕಿಚ್ಚಿಗೆ ಕಣಣ್ಣ."

ಅವನು ನನ್ನನ್ನೇ ದಿಟ್ಟಿಸಿದ. ಆಮೇಲೆ ಮೂಗಿನಲ್ಲಿ ಶುರುವಾದ ಆ ನಗು ಎದೆಗಿಳಿಯಿತು.