ವಡೋದರಾದಲ್ಲಿ ಮೈನಸ್ ನಲವತ್ತು

ಹಳದಿ ದೀಪ ಮೊದಲು ಹೊತ್ತಿಕೊಂಡದ್ದು ಸೂರತ್ತಿನಲ್ಲಿ, ಒಂದು ಸೀರೆ ಗಿರಣಿಯ ಗೇಟಿನ ಮುಂದೆ. ಎಂಜಿನ್ನಿನ ಚಿತ್ರವಿರುವ ಸಣ್ಣ ದೀಪ. ಮೆಕ್ಯಾನಿಕ್ಕುಗಳು ಚೆಕ್ ಲೈಟ್ ಎನ್ನುತ್ತಾರೆ. ನಾನು ಅಹಮದಾಬಾದಿನ ವಟ್ವಾದಲ್ಲಿ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೆ ಎರಡು ಸಲ ಮಾದರಿಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಸೂರತ್ತಿಗೆ ಹೋಗಿ, ನೀವು ಕೇಳಿದ ನವಿಲುಬಣ್ಣ ಇದೇ ಎಂದು ಗಿರಣಿಯವರನ್ನು ಒಪ್ಪಿಸಿ ಬರಬೇಕು. ಉಗುರುಗಳಲ್ಲಿ ಯಾವಾಗಲೂ ಆ ವಾರದ ಬಣ್ಣ ಇರುತ್ತದೆ. ಆ ವಾರ ಮೆಜೆಂಟಾ. ದೀಪ ಕಂಡ ಕೂಡಲೇ ನಾನು ಅಪ್ಪನ ದನಿಯಲ್ಲಿ ನನಗೇ ಬೈದುಕೊಂಡೆ: "ಗಾಡಿ ಬಿಟ್ಟು ಹೋಗೇನಿ ಅಂದ್ರ ಹಾಳು ಮಾಡು ಅಂತ ಅಲ್ಲ." ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದ್ದರಿಂದ ಯಾರೂ ನಗಲಿಲ್ಲ.

ಧಾರವಾಡದಿಂದ ವಿಮಾ ಕಚೇರಿಯ ವರ್ಗಾವಣೆಯ ಮೇಲೆ ಅಹಮದಾಬಾದಿಗೆ ಬಂದಿದ್ದ ಅಪ್ಪ, ಹೋದ ವರ್ಷ ಭೋಪಾಲಿಗೆ ವರ್ಗವಾದಾಗ ಫ್ರಿಜ್ಜು, ತುಳಸಿ ಕುಂಡ, ಅಮ್ಮ ಎಲ್ಲವನ್ನೂ ಒಯ್ದರು. ಹನ್ನೊಂದು ವರ್ಷದ ಕಾರನ್ನೂ ಇಪ್ಪತ್ತಾರು ವರ್ಷದ ನನ್ನನ್ನೂ ಇಲ್ಲೇ ಬಿಟ್ಟರು. ಎರಡೂ ಲಾರಿಯಲ್ಲಿ ಹಿಡಿಸಲಿಲ್ಲ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ದನಿ ಮಾಡುವುದು. ನಮ್ಮ ಮ್ಯಾನೇಜರು ಸೀನುವ ಮೊದಲು ಎಳೆದುಕೊಳ್ಳುವ ಉಸಿರು, ಕೆಳಗಿನ ಮನೆಯ ಅಜ್ಜಿ ಬೆಕ್ಕನ್ನು ಗುಜರಾತಿಯಲ್ಲಿ ಬೈಯುವ ರಾಗ, ಬಸ್ಸಿನಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಣ್ಣುದನಿ, ಎಲ್ಲ ಬರುತ್ತವೆ. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ನನ್ನ ಸುತ್ತ ಹತ್ತು ಜನ ಇರುತ್ತಾರೆ. ಡಬ್ಬಿ ಮುಚ್ಚಿದ ಮೇಲೆ ಒಬ್ಬರೂ ಇರುವುದಿಲ್ಲ. ನನ್ನದೇ ದನಿಗೆ ಗಿರಾಕಿ ಕಡಿಮೆ.

ಅದಕ್ಕೇ ನಾನು ಭಾನುವಾರ ವಡೋದರಾಕ್ಕೆ ಹೋಗುತ್ತಿದ್ದೆ. ನೂರು ಕಿಲೋಮೀಟರು ಹೋಗಿ ಇಡ್ಲಿ ತಿಂದು ಬರುವವನಿಗೆ ತಲೆ ನೆಟ್ಟಗಿಲ್ಲ ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. ಆದರೆ ಅಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರ ಪುಟ್ಟ ಹೋಟೆಲಿತ್ತು. ಗುಜರಾತಿಗಳು ಅವರನ್ನು ಅಣ್ಣಾ ಎನ್ನುತ್ತಿದ್ದರು. ನಾನು ನಮ್ಮ ಕಡೆಯ ರೂಢಿಯಂತೆ ಕಾಕಾ ಎನ್ನುತ್ತಿದ್ದೆ, ಒಳಗೆ ಅಡುಗೆ ನೋಡಿಕೊಳ್ಳುತ್ತಿದ್ದ ಅವರ ಹೆಂಡತಿಯನ್ನು ಕಾಕೂ. ವಾರದಲ್ಲಿ ನಾನು ಎದುರುಬದುರು ಕೂತು ಕನ್ನಡ ಆಡುತ್ತಿದ್ದದ್ದು ಆ ಇಬ್ಬರ ಹತ್ತಿರ ಮಾತ್ರ. ಕಾರಿಗೆ ನಾನೇ ಲಾರಿಯವರ ಸಂಗೀತದ ಹಾರ್ನು ಕೂಡಿಸಿದ್ದೆ. ಹೋಟೆಲಿನ ತಿರುವಿನಲ್ಲಿ ಅದನ್ನು ಒತ್ತಿದರೆ ಕಾಕೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು.

ಅವರಿಬ್ಬರದು ಒಂದು ಪದ್ಧತಿ ಇತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಗಿರಾಕಿಗಳು ಕರಗಿದ ಮೇಲೆ, ಕಾಕಾ ಗಲ್ಲಾದಲ್ಲಿ ಕೂತು, ತಿರುಗಿಯೂ ನೋಡದೆ, "ಊಟ ಆಯ್ತಾ?" ಎಂದು ಒಳಕ್ಕೆ ಕೂಗುತ್ತಿದ್ದರು. ಒಳಗಿನಿಂದ "ಆಯ್ತು, ನೀವು ಬನ್ನಿ, ಸಾರು ಆರ್ತಾ ಉಂಟು" ಎಂದು ಉತ್ತರ. ಊಟ ಆಗಿರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತು. ಆಮೇಲೆ ಒಟ್ಟಿಗೇ ಕೂತು ಉಣ್ಣುವುದು. ನಾನು ಒಮ್ಮೊಮ್ಮೆ ಕಾಕೂಗಿಂತ ಮೊದಲೇ ನನ್ನ ಮೇಜಿನಿಂದ ಅವರ ದನಿಯಲ್ಲಿ ಆ ಉತ್ತರ ಕೊಟ್ಟುಬಿಡುತ್ತಿದ್ದೆ. ಕಾಕೂ ಹೊರಗೆ ಬಂದು, "ನಾನು ಒಳಗೆ ಇರುವುದಾ ಹೊರಗೆ ಇರುವುದಾ ಎಂದು ನನಗೇ ಅನುಮಾನ ಬರುತ್ತದೆ" ಎಂದು ನಗುತ್ತಿದ್ದರು.

ಹೋದ ಮಳೆಗಾಲದಲ್ಲಿ ಕಾಕೂ ತೀರಿಕೊಂಡರು. ಮೂರು ದಿನದ ಜ್ವರ, ಅಷ್ಟೇ. ಹೋಟೆಲು ಕೆಲವು ವಾರ ಮುಚ್ಚಿ ಮತ್ತೆ ತೆರೆಯಿತು, ಒಳಗೆ ಹೊಸ ಅಡುಗೆಯವನು ಬಂದ. ನಾನು ಹಾರ್ನು ಒತ್ತುವುದನ್ನು ಬಿಟ್ಟೆ. ಅಷ್ಟು ಬುದ್ಧಿ ನನಗಿತ್ತು, ಅದಕ್ಕಿಂತ ಹೆಚ್ಚಿರಲಿಲ್ಲ. ಒಂದು ಭಾನುವಾರ, ಮೂರು ಗಂಟೆ, ಅಡುಗೆಯವನು ಹಿತ್ತಲಿಗೆ ಹೋಗಿದ್ದ, ನಾವಿಬ್ಬರೇ. ಕಾಕಾ ಚಿಲ್ಲರೆ ಡಬ್ಬಿ ಮುಚ್ಚುತ್ತ, ಅಭ್ಯಾಸಬಲದಿಂದ, "ಊಟ ಆಯ್ತಾ?" ಎಂದರು.

ನನ್ನ ನಾಲಗೆಯೂ ಅಭ್ಯಾಸಬಲದಿಂದಲೇ ಉತ್ತರ ಕೊಟ್ಟಿತು. ಕಾಕೂ ದನಿಯಲ್ಲಿ, "ಸಾರು ಆರ್ತಾ ಉಂಟು" ಎನ್ನುವವರೆಗೆ ಪೂರ್ತಿ.

ಕಾಕಾ ಎದ್ದು ನಿಂತರು. ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟರು. ಆಮೇಲೆ ನಿಂತು, ನನ್ನ ಕಡೆ ನೋಡದೆ, ಮತ್ತೆ ಬಂದು ಕೂತರು. ನಾನು ಏನೋ ಹೇಳಲು ಹೋದೆ. ಯಾರ ದನಿಯಲ್ಲಿ ಹೇಳಬೇಕೆಂದೇ ತಿಳಿಯಲಿಲ್ಲ.

ಮುಂದಿನ ಭಾನುವಾರ ಅವರು ನನ್ನ ಮೇಜಿಗೆ ಬಂದು ಏನು ಬೇಕೆಂದು ಹಿಂದಿಯಲ್ಲಿ ಕೇಳಿದರು, "ಕ್ಯಾ ಲೇಂಗೇ ಆಪ್?" ಬೈಯಲಿಲ್ಲ, ಬರಬೇಡ ಎನ್ನಲಿಲ್ಲ. ಚಟ್ನಿ ಎರಡನೇ ಸಲ ಬೇಕೇ ಎಂದೂ ಹಿಂದಿಯಲ್ಲೇ ಕೇಳಿದರು. ನಾನು ಕನ್ನಡದಲ್ಲಿ ತಪ್ಪಾಯಿತು ಎಂದರೆ ಹಿಂದಿಯಲ್ಲಿ ಬಿಲ್ಲು ಹೇಳಿದರು. ನನ್ನನ್ನು ಅವರು ಬರೀ ಗಿರಾಕಿ ಮಾಡಿದ್ದರು. ಆದರೂ ನಾನು ಹೋಗುತ್ತಲೇ ಇದ್ದೆ, ಇಡೀ ಚಳಿಗಾಲ, ಒಂದು ಭಾನುವಾರವೂ ತಪ್ಪದೆ. ಕಾದು ಕಾದು ಒಂದು ಕನ್ನಡ ಮಾತು ಬಿದ್ದೀತೇ ಎಂದು ಕಿವಿ ಇಟ್ಟು ಕೂತು ಬರುತ್ತಿದ್ದೆ.

ಸೂರತ್ತಿನಲ್ಲಿ ದೀಪ ಹೊತ್ತಿದ್ದು ಈ ಬೇಸಿಗೆಯ ಮೊದಲಲ್ಲಿ. ಅಲ್ಲಿನ ಮೆಕ್ಯಾನಿಕ್ಕು ಸ್ಟೀರಿಂಗಿನ ಕೆಳಗೆ ಒಂದು ಯಂತ್ರ ಚುಚ್ಚಿ ದೀಪ ಆರಿಸಿಕೊಟ್ಟ. ಭರೂಚ್ ದಾಟುವ ಮೊದಲೇ ಅದು ಮತ್ತೆ ಹೊತ್ತಿತು. ಅಹಮದಾಬಾದಿನ ಗ್ಯಾರೇಜಿನವರು ಎಂಜಿನ್ ನೀರಿನ ಬಿಸಿ ಅಳೆಯುವ ಸೆನ್ಸರು ಕೆಟ್ಟಿದೆ ಎಂದು ಹೊಸದು ಹಾಕಿದರು. ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ದೀಪ ಹಾಜರಾಯಿತು. ಒಂಟಿಯಾಗಿ ಓಡಿಸುವವನಿಗೆ ಅದೊಂದು ಜೊತೆ ಎಂದು ನನಗೆ ಅನ್ನಿಸತೊಡಗಿತ್ತು. ಅದರ ಹತ್ತಿರ ಮಾತೂ ಆಡುತ್ತಿದ್ದೆ.

ಕೊನೆಗೆ ವಟ್ವಾದಲ್ಲಿ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಸಿಕ್ಕರು. ಮೂಗಿನ ತುದಿಗೆ ಕನ್ನಡಕ, ಬಾಯಿ ತುಂಬ ಅಡಿಕೆ-ತಂಬಾಕಿನ ಮಸಾಲೆ, ಮಾತು ಮೂಗಿನಿಂದ. ಸೆನ್ಸರು ಸರಿಯಿದೆ, ಅದರ ವೈರು ಎಲ್ಲೋ ಒಳಗೇ ತುಂಡಾಗಿ ಆಡುತ್ತಿದೆ ಎಂದರು. ವೈರು ಬಿಟ್ಟುಕೊಂಡಾಗ ಕಂಪ್ಯೂಟರಿಗೆ ಎಂಜಿನ್ ಮೈನಸ್ ನಲವತ್ತು ಡಿಗ್ರಿಯಲ್ಲಿದೆ ಎಂದು ಕಾಣುತ್ತದಂತೆ. ಅಹಮದಾಬಾದಿನ ಬಿಸಿಲಿನಲ್ಲಿ ಅದನ್ನು ಕೇಳಿ ನಾನು ನಕ್ಕೆ, ಅವರು ನಗಲಿಲ್ಲ. ಹುಡುಕುವ ದಾರಿ ಹೇಳಿಕೊಟ್ಟರು: ಎಂಜಿನ್ ಬಂದ್ ಮಾಡಿ ಕೀ ಮಾತ್ರ ತಿರುಗಿಸಿಡಬೇಕು, ಒಬ್ಬ ಬಾನೆಟ್ಟಿನೊಳಗೆ ಕೈ ಹಾಕಿ ವೈರನ್ನು ಬೆರಳಷ್ಟು ಬೆರಳಷ್ಟು ಅಲುಗಿಸುತ್ತ ಹೋಗಬೇಕು, ಇನ್ನೊಬ್ಬ ಸೀಟಿನಲ್ಲಿ ಕೂತು, ಸ್ಟೀರಿಂಗಿನ ಕೆಳಗೆ ಚುಚ್ಚಿದ ಯಂತ್ರದಲ್ಲಿ ಬಿಸಿಯ ಅಂಕಿ ಓದಬೇಕು. ಅಂಕಿ ಬಿದ್ದ ಜಾಗದಲ್ಲೇ ರೋಗ. ತಮ್ಮ ಹಳೆಯ ಯಂತ್ರವನ್ನೂ ಕೈಗೆ ಕೊಟ್ಟರು. ಇನ್ನೊಬ್ಬರು ಯಾರೂ ಇಲ್ಲ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಘರ್‌ಮಾ ಕೋಈ ನಥೀ?" ಎಂದರು. ಮನೆಯಲ್ಲಿ ಯಾರೂ ಇಲ್ಲವೇ. ಆ ಮಾತನ್ನು ಅದೇ ಮೂಗುದನಿಯಲ್ಲಿ ಮನೆ ಮುಟ್ಟುವವರೆಗೆ ಇಪ್ಪತ್ತು ಸಲ ಅಂದುಕೊಂಡೆ. ಪ್ರತಿ ಸಲವೂ ಚೆನ್ನಾಗಿಯೇ ಬಂತು.

ಮನೆಯ ಕೆಳಗೆ ಒಬ್ಬನೇ ಪ್ರಯತ್ನಿಸಿದೆ. ಯಂತ್ರದ ಎದುರು ಫೋನು ನಿಲ್ಲಿಸಿ ವಿಡಿಯೊ ಹಚ್ಚಿ, ನಾನು ವೈರು ಹಿಡಿದೆ. ಈಗ ಎಲ್ಲಿ ಹಿಡಿದಿದ್ದೇನೆ ಎಂದು ಗೊತ್ತಾಗಲು ಕೂಗುತ್ತಿರಬೇಕಲ್ಲ. ಸುಮ್ಮನೆ ಕೂಗುವುದೇಕೆ ಎಂದು ಒಂದು ಗೇಣು ಮ್ಯಾನೇಜರ ದನಿ, ಒಂದು ಗೇಣು ಅಜ್ಜಿಯ ದನಿ, ಒಂದು ಗೇಣು ಅಪ್ಪ. ಆಮೇಲೆ ಮೇಲೆ ಹೋಗಿ ವಿಡಿಯೊ ನೋಡಿದೆ. ಅಂಕಿ ಮೂವತ್ತೆಂಟರಿಂದ ಕದಲಿರಲಿಲ್ಲ. ದೂರದಿಂದ ಏಳೆಂಟು ಜನ ಒಬ್ಬರಾದ ಮೇಲೊಬ್ಬರು ಕೂಗುತ್ತಿದ್ದರು, ಒಬ್ಬರಿಗೂ ಯಾರೂ ಓಗೊಡುತ್ತಿರಲಿಲ್ಲ. ಪೂರ್ತಿ ನೋಡಲಾಗಲಿಲ್ಲ, ಅಳಿಸಿಬಿಟ್ಟೆ. ಮರುದಿನ ಎಲೆಕ್ಟ್ರಿಷಿಯನ್ ಹೇಳಿದರು, ತಣ್ಣಗಿದ್ದಾಗ ಸಿಗುವುದಿಲ್ಲ, ದೂರ ಓಡಿಸಿ ಎಂಜಿನ್ ಕಾಯಬೇಕು.

ದೂರ ಅಂದಾಗ ನನಗೆ ನೆನಪಾದದ್ದು ಒಂದೇ ಊರು.

ಆ ಭಾನುವಾರ ವಡೋದರಾ ಮುಟ್ಟಿದಾಗ ಎರಡೂವರೆ. ದೀಪ ದಾರಿಯುದ್ದಕ್ಕೂ ಉರಿಯುತ್ತಲೇ ಇತ್ತು. ಹೋಟೆಲಿನ ಮುಂದಿನ ಬೇವಿನ ನೆರಳಿಗೆ ಕಾರು ನಿಲ್ಲಿಸಿ ಒಳಗೆ ಹೋದೆ. ಒಂದೇ ಒಂದು ಮೇಜಿಗೆ ಗಿರಾಕಿ ಇದ್ದರು, ಅವರೂ ಏಳುತ್ತಿದ್ದರು. ಕಾಕಾ ಲೋಟ ತೊಳೆದ ಕೈ ಒರೆಸಿಕೊಳ್ಳುತ್ತ ಬಂದು, ಏನು ಕೊಡಲಿ ಎಂದು ಹಿಂದಿಯಲ್ಲಿ ಕೇಳಿದರು.

"ಏನೂ ಬ್ಯಾಡ್ರಿ ಕಾಕಾ. ಒಂದ್ ಹತ್ತು ನಿಮಿಷ ನನ್ನ ಗಾಡ್ಯಾಗ ಕೂಡ್ತೀರೇನ್ರಿ? ಇಬ್ಬರು ಬೇಕು ಈ ಕೆಲಸಕ್ಕ."

ವಿಡಿಯೊ ಅಲ್ಲಿಯೂ ಮಾಡಬಹುದಿತ್ತು. ಅದನ್ನು ನಾನು ಹೇಳಲಿಲ್ಲ.

ಅವರು ನನ್ನ ಉಗುರು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಹೊರಗೆ ಬಂದರು. ಡ್ರೈವರ್ ಸೀಟಿನಲ್ಲಿ ಕೂರಿಸಿ ಯಂತ್ರ ಕೈಗೆ ಕೊಟ್ಟು, ಈ ಅಂಕಿ ಓದುತ್ತ ಇರಿ, ಬದಲಾದರೆ ಹೇಳಿ ಎಂದೆ. ಬಾನೆಟ್ಟು ಎತ್ತಿದಾಗ ಬಿಸಿ ಮುಖಕ್ಕೆ ಹೊಡೆಯಿತು. ಬಾನೆಟ್ಟಿನ ತಗಡು ನಮ್ಮಿಬ್ಬರ ನಡುವೆ ಗೋಡೆಯಂತೆ ನಿಂತಿತ್ತು; ನನಗೆ ಅವರು ಕಾಣುತ್ತಿರಲಿಲ್ಲ, ದನಿ ಮಾತ್ರ.

ಸೆನ್ಸರಿನಿಂದ ಶುರು ಮಾಡಿದೆ. ಒಂದು ಬೆರಳು, ಇನ್ನೊಂದು ಬೆರಳು.

"ನಬ್ಬೇ," ಎಂದರು ಕಾಕಾ. ಹಿಂದಿಯಲ್ಲಿ ತೊಂಬತ್ತು. "ನಬ್ಬೇ. ನಬ್ಬೇ."

ನಾನು ಯಾರ ದನಿಯನ್ನೂ ಮಾಡಲಿಲ್ಲ. ವೈರು ರೇಡಿಯೇಟರ್ ಪೈಪಿನ ಪಕ್ಕದಿಂದ ಎಂಜಿನ್ನಿನ ಹಿಂದಕ್ಕೆ ತಿರುಗುತ್ತಿತ್ತು. ತೋಳು ತಾಗಿ ಸುಟ್ಟಿತು. ಅವರದು ಅದೇ ಜಪ, ನಬ್ಬೇ, ನಬ್ಬೇ, ಒಮ್ಮೆ ನವಾಸೀ, ಎಂಬತ್ತೊಂಬತ್ತು. ಬ್ಯಾಟರಿಯ ಬಳಿಯ ಕಬ್ಬಿಣದ ಪಟ್ಟಿಯ ಹತ್ತಿರ ಬೆರಳು ಹೋದಾಗ, ವೈರು ಪಟ್ಟಿಗೆ ಬಿಗಿಯಾಗಿ ಕಟ್ಟಿದ್ದು ಸಿಕ್ಕಿತು. ಅದನ್ನು ಸ್ವಲ್ಪ ಎಳೆದೆ.

"ನಬ್ಬೇ," ಎಂದು ಶುರು ಮಾಡಿದವರು ಜಪ ನಿಲ್ಲಿಸಿದರು. "ಹೇ, ಬಿತ್ತು. ಮೈನಸ್ ನಲವತ್ತು ತೋರಿಸ್ತದೆ. ಈಗ ತೊಂಬತ್ತು. ಮತ್ತೆ ಬಿತ್ತು, ತೊಂಬತ್ತು, ಬಿತ್ತು. ನೀನು ಎಂತ ಮುಟ್ಟಿದ್ದು ಮಾರಾಯಾ ಅಲ್ಲಿ?"

ನಾನು ಕೈ ತೆಗೆಯಲಿಲ್ಲ. ಬೇಕಿಲ್ಲದಿದ್ದರೂ ಇನ್ನೂ ನಾಲ್ಕು ಸಲ ಅಲುಗಿಸಿದೆ. ನಾಲ್ಕು ಸಲವೂ ಅವರು ಕನ್ನಡದಲ್ಲೇ ಹೇಳಿದರು.

ಬಾನೆಟ್ಟಿನ ಪಕ್ಕಕ್ಕೆ ಬಂದು ಅವರೂ ಇಣುಕಿದರು. ಪಟ್ಟಿಯ ಅಂಚು ವೈರಿನ ಹೊದಿಕೆಯನ್ನು ಕೊರೆದು ಒಳಗಿನ ತಾಮ್ರ ಕಾಣುತ್ತಿತ್ತು. ವೈರನ್ನು ಅಲ್ಲಿಗೆ ಬಿಗಿದದ್ದು ಒಂದು ಪ್ಲಾಸ್ಟಿಕ್ ಕಟ್ಟು. ಅದೇ ಕಟ್ಟಿನಲ್ಲಿ ದಪ್ಪದೊಂದು ಕೆಂಪು ವೈರೂ ಇತ್ತು. ಕಂಪನಿಯವರದಲ್ಲ.

"ಇದು ನಿನ್ನ ಆ ಲಾರಿ ಹಾರ್ನಿನದ್ದಲ್ವಾ?" ಎಂದರು.

"ಹೌದ್ರಿ. ನಾನೇ ಕಟ್ಟಿದ್ದು."

ಸೂರತ್ತಿನವನನ್ನೂ ಗ್ಯಾರೇಜಿನವರನ್ನೂ ಎಷ್ಟು ಆಡಿಕೊಂಡಿದ್ದೆ ಎಂದು ನೆನಪಾಯಿತು. ಕಾಕಾ ಒಳಗೆ ಹೋಗಿ ಗ್ರೈಂಡರಿನ ವೈರಿಗೆ ಸುತ್ತುವ ಕಪ್ಪು ಟೇಪು, ಕತ್ತರಿ ತಂದರು. ನಾನು ಕಟ್ಟು ಕತ್ತರಿಸಿ, ಕೀ ತೆಗೆದು, ತುಂಡಾದ ಎಳೆಗಳನ್ನು ಹೆಣೆದು ಸುತ್ತಿದೆ. ಟೇಪಿನ ತುದಿಯನ್ನು ಅವರು ಹಿಡಿದುಕೊಂಡಿದ್ದರು. ಈಗ ಹೇಳದಿದ್ದರೆ ಇನ್ನು ಹೇಳಲಾಗದು ಅನ್ನಿಸಿತು.

"ಕಾಕಾ, ಅವತ್ತು ನಾನು ಬೇಕಂತ ಮಾಡಿದ್ದಲ್ರಿ."

"ಗೊತ್ತುಂಟು," ಎಂದರು. ಟೇಪನ್ನು ಇನ್ನೊಂದು ಸುತ್ತು ಬಿಟ್ಟರು. "ತಮಾಷೆಗೆ ಮಾಡಿದ್ರೆ ನನಗೆ ತಿಳೀತಿತ್ತು. ನಾನು ಎದ್ದೇ ಬಿಟ್ಟೆನಲ್ಲ." ಟೇಪು ಕತ್ತರಿಸಿ, "ಇನ್ನು ಮಾಡಬೇಡ," ಎಂದರು.

ಇಲ್ಲ ಎಂದೆ. ಕೀ ತಿರುಗಿಸಿದಾಗ ಅಂಕಿ ಎಂಬತ್ತೊಂದರಲ್ಲಿತ್ತು. ಎಷ್ಟು ಅಲುಗಿಸಿದರೂ ಬೀಳಲಿಲ್ಲ.

ಒಳಗೆ ಹೋಗಿ ಕೈ ತೊಳೆಯುತ್ತಿದ್ದೆ. ಗ್ರೀಸು ಹೋಯಿತು, ಉಗುರಿನ ಬಣ್ಣ ಹೋಗಲಿಲ್ಲ. ಹೊರಗಿನ ಮೇಜುಗಳೆಲ್ಲ ಖಾಲಿ, ಅಡುಗೆಯವನು ಹಿತ್ತಲಲ್ಲಿ ಮಲಗಿದ್ದ. ಕಾಕಾ ಗಲ್ಲಾದಲ್ಲಿ ಕೂತು ಬೆನ್ನು ಹಾಕಿಕೊಂಡೇ ಕೇಳಿದರು, "ಊಟ ಆಯ್ತಾ?"

ಯಾರನ್ನು ಕೇಳಿದ್ದು ಎಂದು ತಿಳಿಯದೆ ನಲ್ಲಿ ಬಂದ್ ಮಾಡಿ ನಿಂತೆ. ಆ ಹಳೆಯ ಉತ್ತರ, ಅದರ ಏರಿಳಿತ ಸಮೇತ, ಗಂಟಲಿನವರೆಗೆ ಬಂದು ಕೂತಿತ್ತು. ಅದು ಇಳಿಯುವವರೆಗೆ ಕಾದೆ.

"ಇಲ್ರಿ," ಎಂದೆ. "ಆಗಿಲ್ಲ."

ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಕಾಕಾ ಎದ್ದು ಒಳಗಿನಿಂದ ಎರಡು ತಟ್ಟೆ ತಂದು ಒಂದೇ ಮೇಜಿನ ಮೇಲೆ ಇಟ್ಟರು. ಕೂತೆವು. ಸಾರು ಆರಿತ್ತು. ಇಬ್ಬರೂ ಒಟ್ಟಿಗೇ ಉಂಡೆವು.