ಹಲಗೆಗೆ ಎರಡು ಸಲ

ನಾನು ಹುಮನಾಬಾದಿನಲ್ಲಿ ಹನ್ನೆರಡು ವರ್ಷ ಟಾಂಗಾ ಹೊಡೆದೆ. ಈಗ ಮಾಣಿಕನಗರಕ್ಕೆ ಹೋಗುವವರು ಆಟೋದಲ್ಲಿ ಕೂತ ಕೂಡಲೇ ಇಳಿಯುತ್ತಾರೆ. ಆಗ ಆ ದಾರಿಗೆ ನಮ್ಮ ಟಾಂಗಾಗಳೇ ಗತಿ. ನನ್ನದು ಮೊದಲಿನಿಂದಲೂ ಸಿಟ್ಟಿನ ಸ್ವಭಾವ. ಮನುಷ್ಯರ ಜೊತೆ ನನಗೆ ಅಷ್ಟಾಗಿ ಸರಿಹೋಗಲಿಲ್ಲ, ಕುದುರೆಗಳ ಜೊತೆ ಹೋಯಿತು. ಕುದುರೆಯ ಮುಂದೆ ಸಿಟ್ಟು ಮಾಡಿದರೆ ಅದೇ ದಿನ ಕೆಲಸ ಕೆಡುತ್ತದೆ. ಮನುಷ್ಯರ ಮುಂದೆ ಮಾಡಿದ್ದು ಎಷ್ಟೋ ದಿನದ ಮೇಲೆ ಗೊತ್ತಾಗುತ್ತದೆ.

ಅರವತ್ತರ ದಶಕದ ಆರಂಭದ ಮಾತು. ಗಂಜಿನಲ್ಲಿ, ಅಂದರೆ ನಮ್ಮ ದವಸದ ಪೇಟೆಯಲ್ಲಿ, ಅಡತಿ ಅಂಗಡಿ ಇಟ್ಟಿದ್ದ ಒಬ್ಬ ಸಾವುಕಾರರಿಗೆ ಟಾಂಗಾ ಶರ್ಯತ್ತಿನ ಹುಚ್ಚು ಹಿಡಿಯಿತು. ಈ ಓಟದ ಪಂದ್ಯ ಚಳಿಗಾಲದಲ್ಲಿ ಕಲ್ಯಾಣದ ರಸ್ತೆಯ ಮೇಲೆ ನಡೆಯುತ್ತಿತ್ತು. ಊರಿನ ಹೆಸರಿಗೆ ಬಸವ ಸೇರಿ ಕೆಲವು ವರ್ಷವಾಗಿದ್ದರೂ ನಮ್ಮ ಬಾಯಲ್ಲಿ ಅದು ಇನ್ನೂ ಬರೀ ಕಲ್ಯಾಣ. ಹಗುರವಾದ ಎರಡು ಗಾಲಿಯ ಗಾಡಿ, ಒಂದು ಕುದುರೆ, ಒಬ್ಬ ಮನುಷ್ಯ, ಅಷ್ಟೇ. ಸಾವುಕಾರರು ನಾಂದೇಡದ ಕಡೆಯಿಂದ ಮೂರು ವರ್ಷದ ಹೆಣ್ಣು ಕುದುರೆಯೊಂದನ್ನು ತರಿಸಿದರು. ಕಂದು ಬಣ್ಣ, ಹಿಂದಿನ ಒಂದು ಕಾಲು ಮಾತ್ರ ಬಿಳಿ. ಅಂಥ ಕುದುರೆಯನ್ನು ಅದಕ್ಕೆ ಮೊದಲು ನಾನು ಮುಟ್ಟಿರಲಿಲ್ಲ.

ಓಟದಲ್ಲಿ ಎರಡು ಮಾತಿರಲಿಲ್ಲ. ಓಡದೆ ಇರುವಾಗಲೇ ತೊಂದರೆ. ಖಾಲಿ ಚೀಲ ಗಾಳಿಗೆ ಅಲುಗಿದರೆ ಮೈಯೆಲ್ಲ ನಡುಗುತ್ತಿತ್ತು. ಬಸ್ಸಿನ ಹಾರ್ನು ಕೇಳಿದರೆ ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿತ್ತು. ತಬೇಲಾದಲ್ಲಿ ಕಟ್ಟಿದ ಜಾಗದಲ್ಲೇ ಎಡಕ್ಕೆ ಬಲಕ್ಕೆ ತೂಗುತ್ತ, ಮುಂದಿಟ್ಟ ಕಡಲೆ ಮುಟ್ಟದೆ, ನಿಂತಲ್ಲೇ ಬೆವರುತ್ತಿತ್ತು. ಮೊದಲ ಸಲ ಗಾಡಿಗೆ ಹೂಡಿದಾಗ ಹಿಂದೆ ಬರುವ ಗಾಲಿಯ ಸದ್ದಿಗೇ ಹೆದರಿ ಓಡಿತು. ಓಡಿದಷ್ಟೂ ಸದ್ದು ಹೆಚ್ಚಾಯಿತು, ಸದ್ದು ಹೆಚ್ಚಾದಷ್ಟೂ ಓಡಿತು, ಕೊನೆಗೆ ಯಾರದೋ ತೊಗರಿ ಹೊಲ ಹೊಕ್ಕು ನಿಂತಿತು. ಅದರ ಮರುದಿನ ಸಾವುಕಾರರು ನನ್ನನ್ನು ಕರೆಸಿದರು.

“ನೋಡಪಾ, ಶರ್ಯತ್ತಿಗೆ ಇನ್ನ ನಾಕ ತಿಂಗಳ ಅದ,” ಅಂದರು. “ಅಷ್ಟರಾಗ ಶಾಂತ ಆತು ಅಂದ್ರ ನನ್ನ ಹತ್ರ ಇರತದ. ಇಲ್ಲಾಂದ್ರ ಕಲ್ಯಾಣದ ಬಾಜಾದವ ಕೇಳಾಕತ್ತಾನ, ಅವಗ ಕೊಟ್ಟು ಕೈ ತೊಳ್ಕೋತೀನಿ.”

ಬಾಜಾದವನೆಂದರೆ ಮದುವೆ ಮೆರವಣಿಗೆಗೆ ಬ್ಯಾಂಡನ್ನೂ ಕುದುರೆಯನ್ನೂ ಒದಗಿಸುವವನು. ಬೆನ್ನ ಮೇಲೆ ಮದುಮಗ, ಮುಂದೆ ತಾಶೆ ಬಡಿಯುವ ವಾದ್ಯದವರು, ಕಾಲ ಬುಡದಲ್ಲಿ ಪಟಾಕಿ. ಚೀಲ ಅಲುಗಿದರೆ ನಡುಗುವ ಕುದುರೆ ಅಲ್ಲಿ ಒಂದು ಮದುವೆ ಹಂಗಾಮನ್ನೂ ದಾಟುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ನಾನು ಒಪ್ಪಿಕೊಂಡದ್ದು ಅದಕ್ಕಾಗಿ. ಗೆಲ್ಲುವುದು ಸಾವುಕಾರರ ಚಿಂತೆಯಾಗಿತ್ತು. ನನ್ನ ಚಿಂತೆ, ಅದು ಬಾಜಾದವನ ಪಾಲಾಗಬಾರದು ಎಂಬುದೊಂದೇ.

ಮೊದಲ ಹತ್ತು ಹನ್ನೆರಡು ದಿನ ನಾನು ಏನೂ ಮಾಡಲಿಲ್ಲ. ಮಧ್ಯಾಹ್ನ ಸವಾರಿ ಸಿಗದ ಹೊತ್ತಿನಲ್ಲಿ ತಬೇಲಾಕ್ಕೆ ಹೋಗಿ, ಅದಕ್ಕೆ ಬೆನ್ನು ಮಾಡಿ ಕೂತು, ಹರಿದ ಪಟ್ಟಿಗಳನ್ನು ಹೊಲಿಯುತ್ತಿದ್ದೆ. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟರೆ ಹೆದರಿದ ಪ್ರಾಣಿ ಇನ್ನೂ ಹೆದರುತ್ತದೆ. ಸಾವುಕಾರರ ಆಳುಗಳು ನನ್ನದು ಪುಕ್ಕಟೆ ನೆರಳಿನ ನೌಕರಿ ಎಂದು ಆಡಿಕೊಂಡರು. ಒಂದು ದಿನ ಕತ್ತಿನ ಹಿಂದೆ ಬಿಸಿ ಉಸಿರು ತಾಗಿತು. ನಾನು ಸೂಜಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಮರುದಿನ ಕಡಲೆ ತಿಂದಿತು. ಆಮೇಲೆ ಗೋಣಿಚೀಲ ಮಡಚಿ ಮೈ ಉಜ್ಜಿದೆ, ಕೆಲವು ದಿನ ಬಿಟ್ಟು ಬಿಡಿಸಿ ಉಜ್ಜಿದೆ, ಕೊನೆಗೆ ಅದೇ ಚೀಲವನ್ನು ಅದರ ಕಿವಿಯ ಹತ್ತಿರವೇ ಝಾಡಿಸಿದೆ. ಅದು ಮೇವು ತಿನ್ನುತ್ತಲೇ ಇತ್ತು.

ರಸ್ತೆಗೆ ತಂದದ್ದು ಅದರ ನಂತರ. ನನ್ನ ಮುದಿ ಕುದುರೆಯ ಟಾಂಗಾದ ಹಿಂದೆ ಇದನ್ನು ಕಟ್ಟಿಕೊಂಡು ಗಂಜಿನಿಂದ ಮಾಣಿಕನಗರಕ್ಕೆ, ಅಲ್ಲಿಂದ ವಾಪಸು. ದಿನವಿಡೀ ಕಣ್ಣ ಮುಂದೆ ತಿರುಗುವ ಗಾಲಿ ನೋಡಿ ನೋಡಿ ಗಾಲಿಯ ಭಯ ಸವೆಯಿತು. ಎರಡನೆಯ ತಿಂಗಳಲ್ಲಿ ಮುದಿ ಕುದುರೆಯ ಕಾಲು ಊದಿಕೊಂಡಿತು. ಟಾಂಗಾ ನಿಂತರೆ ನನ್ನ ಮನೆಯ ಒಲೆಯೂ ನಿಲ್ಲುತ್ತದೆ. ಇದನ್ನೇ ಟಾಂಗಾಕ್ಕೆ ಹೂಡಲೇ ಎಂದು ಸಾವುಕಾರರನ್ನು ಕೇಳಿದೆ. “ಹ್ಯಾಂಗರ ಮಾಡು, ಶಾಂತ ಮಾಡು,” ಅಂದರು. ಶರ್ಯತ್ತಿನ ಕುದುರೆಯನ್ನು ನನ್ನ ಸವಾರಿ ಟಾಂಗಾಕ್ಕೆ ಹೂಡಿದೆ.

ಅದರ ಕೀರ್ತಿ ಕೇಳಿದ್ದ ಜನ ದೂರ ನಿಂತಿದ್ದರು. ಮೊದಲು ಹತ್ತಿದವರು ಒಬ್ಬ ಅಜ್ಜಿ. ಅವರು ದಿನಾ ಬೆಳಿಗ್ಗೆ ಮಾಣಿಕನಗರದ ಮಠಕ್ಕೆ ಹೋಗುವವರು, ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡಿರುತ್ತಿದ್ದರು.

“ಆಯಿ, ಇದು ಹೊಸಾದು. ಇವತ್ತ ಬ್ಯಾರೆ ಟಾಂಗಾದಾಗ ಹೋಗ್ರಿ,” ಅಂದೆ.

“ನಾನೂ ಒಂದಿನ ಈ ಊರಿಗಿ ಹೊಸಾಕಿನೇ ಇದ್ದೆ. ಅತ್ತ ಸರಿ ನೀ,” ಎಂದು ಹತ್ತಿ ಕೂತರು. ಇಳಿದ ಮೇಲೆ ದೇವರಿಗೆ ಒಯ್ದಿದ್ದ ಬೆಲ್ಲದಲ್ಲಿ ಅರ್ಧ ಮುರಿದು ಕುದುರೆಯ ಬಾಯಿಗಿಟ್ಟರು. ಮರುದಿನವೂ ಇಟ್ಟರು. ಆಮೇಲೆ ಅದು ಇಬ್ಬರಿಗೂ ರೂಢಿಯಾಯಿತು.

ಸವಾರಿ ಟಾಂಗಾದ ಕುದುರೆಗೆ ಕಲಿಯುವುದು ಬಹಳ ಇಲ್ಲ. ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ನಿಲ್ಲಬೇಕು. ಹತ್ತಿದವರು ಸರಿಯಾಗಿ ಕೂರುವವರೆಗೆ ಅಲುಗಬಾರದು. ಆಮೇಲೆ ನಾನು ಚಾಬೂಕಿನ ಹಿಡಿಯಿಂದ ಕಾಲ ಕೆಳಗಿನ ಹಲಗೆಗೆ ಎರಡು ಸಲ ಬಡಿಯುತ್ತಿದ್ದೆ, ಆಗ ಹೊರಡಬೇಕು. ಬೇರೆ ಟಾಂಗಾದವರು ನಾಲಿಗೆಯಿಂದ ಸದ್ದು ಮಾಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಹಲಗೆಗೆ ಬಡಿಯುವ ರೂಢಿ. ತಿಂಗಳೊಳಗೆ ಈ ಕುದುರೆ ನಾನು ಲಗಾಮು ಮುಟ್ಟುವ ಮೊದಲೇ ಎತ್ತಿದ ಕೈ ನೋಡಿ ನಿಲ್ಲುತ್ತಿತ್ತು. ನಿಂತಾಗ ತಲೆ ತಗ್ಗಿಸಿ, ಬಿಳಿಯ ಕಾಲನ್ನು ತುಸು ಮಡಚಿ, ಕಿವಿಯನ್ನು ಮಾತ್ರ ಹಲಗೆಯ ಕಡೆಗಿಟ್ಟು ಕಾಯುತ್ತಿತ್ತು. ಅದನ್ನು ಹೆದರಿಸುತ್ತಿದ್ದದ್ದು ಚೀಲವೂ ಅಲ್ಲ, ಹಾರ್ನೂ ಅಲ್ಲ, ಮುಂದೇನಾಗುತ್ತದೋ ಎಂದು ತಿಳಿಯದೆ ಇರುವುದು. ಈಗ ಅದಕ್ಕೆ ತಿಳಿದಿತ್ತು. ನನಗೆ ಬಹಳ ಸಂತೋಷವಾಯಿತು, ಹೆಮ್ಮೆಯೂ ಆಯಿತು. ನಾವು ಟಾಂಗಾದವರು, ನಮ್ಮಲ್ಲಿ ಓಡುವ ಕುದುರೆಗಿಂತ ಅಲುಗದೆ ನಿಲ್ಲುವ ಕುದುರೆಗೆ ಮರ್ಯಾದೆ ಹೆಚ್ಚು. ಯಾವುದಕ್ಕೆ ತಯಾರು ಮಾಡುತ್ತಿದ್ದೇನೆ ಎಂಬುದನ್ನು ನಾನು ಅಲ್ಲಿ ಮರೆತೆ.

ಸಂಜೆ ಹೊತ್ತು ಖಾಲಿ ರಸ್ತೆಯಲ್ಲಿ ಹಗುರ ಗಾಡಿಗೆ ಹೂಡಿ ಓಡಿಸುತ್ತಿದ್ದೆ. ಗಾಬರಿ ಹೋದ ಮೇಲೆ ಓಟ ಇನ್ನೂ ನೆಟ್ಟಗಾಗಿತ್ತು. ಸಾವುಕಾರರು ನೋಡಿ ಖುಷಿಪಟ್ಟರು. ಶರ್ಯತ್ತಿಗೆ ಒಂದು ವಾರ ಇದ್ದಾಗ ಕಲ್ಯಾಣದಿಂದ ಒಬ್ಬ ಗಾಡಿ ಹೊಡೆಯುವವನನ್ನು ಕರೆಸಿದರು. ಹಗುರ ಮೈಯವನು, ಅನೇಕ ಶರ್ಯತ್ತು ಗೆದ್ದವನು, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನಾಲ್ಕು ತಿಂಗಳು ನಾನು ತಯಾರು ಮಾಡಿದ ಕುದುರೆಯ ಲಗಾಮು ಅವನ ಕೈಗೆ ಹೋಯಿತು. ನನಗೆ ಮೈ ಉರಿಯಿತು.

ಉಸ್ತಾದ್ ಸಭ್ಯ ಮನುಷ್ಯ. ಕುದುರೆಯ ಕಾಲು, ಬಾಯಿ, ಲಾಳ ಎಲ್ಲ ನೋಡಿ ನನ್ನ ಹತ್ತಿರ ಬಂದ.

“ಭಾಯಿ, ಛಲೋ ತಯಾರ ಮಾಡೀರಿ,” ಅಂದ. “ಇದರದು ಏನರ ಚಾಳಿ ಇದ್ರ ಈಗ ಹೇಳಿಬಿಡ್ರಿ. ರಸ್ತಾದಾಗ ಗೊತ್ತಾಗೋದು ಬ್ಯಾಡ.”

“ಬಾಯಿ ನಾಜೂಕ ಅದ, ಲಗಾಮ ಜಗ್ಗಬ್ಯಾಡ್ರಿ,” ಅಂದೆ. “ಬಸ್ ಬಂದ್ರ ಮಾತಾಡಸ್ರಿ. ಮತ್ತೇನಿಲ್ಲ.”

ಹಲಗೆಯ ಮಾತು ಹೇಳಲಿಲ್ಲ. ಇಷ್ಟು ವರ್ಷ ಕೇಳಿದವರಿಗೆಲ್ಲ ಮರೆತೆ ಎಂದು ಹೇಳುತ್ತ ಬಂದಿದ್ದೇನೆ. ಮರೆತಿರಲಿಲ್ಲ. ನಾಲಿಗೆಗೆ ಬಂದದ್ದನ್ನು ನುಂಗಿಕೊಂಡೆ. ಎಲ್ಲ ಅವನದಾಯಿತು, ಇದೊಂದಾದರೂ ನನ್ನದಾಗಿರಲಿ ಅನಿಸಿತು. ಅದರಿಂದ ಕೇಡಾಗುತ್ತದೆ ಎಂದು ಎಣಿಸಿರಲಿಲ್ಲ, ಅದೂ ನಿಜ.

ಶರ್ಯತ್ತಿಗೆ ಆರು ಗಾಡಿ ನಿಂತವು. ಹೊರಡುವ ಕಡೆ ಜನರನ್ನೆಲ್ಲ ಗಾಡಿಗಳ ಹಿಂದೆ ತಡೆದಿದ್ದರಂತೆ. ಕಣ್ಣಿನ ಪಕ್ಕಕ್ಕೆ ಪಟ್ಟಿ ಕಟ್ಟಿದ ಕುದುರೆಗೆ ಹಿಂದೆ ಎತ್ತಿದ ಕೈಗಳು ಕಾಣುವುದಿಲ್ಲ, ಉಳಿದ ಐದರ ಜೊತೆ ಇದೂ ಹೊರಟಿತು. ನಾನು ಮುಗಿಯುವ ಕಡೆ ಸಾವುಕಾರರ ಪಕ್ಕದಲ್ಲಿದ್ದೆ. ಸೈಕಲ್ಲಿನಲ್ಲಿ ಬಂದವನೊಬ್ಬ, “ಸಾವುಕಾರ್ರ, ನಿಮ್ದೇ ಮುಂದ ಅದರಿ, ಹಿಂದಿನವು ಕಾಣಸಾಕೂ ಒಲ್ಲವು,” ಎಂದು ಹೇಳಿ ಹೋದ. ಸಾವುಕಾರರು ಪೇಟ ಸರಿಮಾಡಿಕೊಂಡರು. ಧೂಳು ಎದ್ದಿತು. ಮೊದಲು ಬಂದದ್ದು ಬೇರೆಯವರ ಕುದುರೆ. ಎರಡನೆಯದೂ ಬೇರೆಯವರದು. ಐದೂ ಬಂದವು. ನಮ್ಮದು ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಬಂತು, ನಡೆದುಕೊಂಡು. ಉಸ್ತಾದ್ ಕೆಳಗಿಳಿದು ಲಗಾಮು ಹಿಡಿದಿದ್ದ. ಇನ್ನೊಂದು ಪಕ್ಕದಲ್ಲಿ ಅಜ್ಜಿ ನಡೆಯುತ್ತಿದ್ದರು.

ಜನಜಂಗುಳಿ ತಮಗೆ ಆಗದೆಂದು ಅಜ್ಜಿ ಅರ್ಧ ದಾರಿಯಲ್ಲಿ, ಬಾವಿಯ ಹತ್ತಿರದ ಜಾಲಿ ಗಿಡದ ಕೆಳಗೆ ಒಬ್ಬರೇ ನಿಂತಿದ್ದರಂತೆ. ತಮ್ಮ ಕುದುರೆ ಎಲ್ಲರಿಗಿಂತ ಮುಂದೆ ಬರುವುದನ್ನು ಕಂಡು ಕೈ ಎತ್ತಿದರು. ಅದು ನಿಂತಿತು. ಉಸ್ತಾದ್ ಗಾಡಿಯಿಂದ ಬೀಳುವುದೊಂದು ಬಾಕಿ. ಕೂಗಿದ, ಲಗಾಮು ಝಾಡಿಸಿದ, ಕೊನೆಗೆ ಚಾಬೂಕು ಎತ್ತಿದ. ಐದು ಗಾಡಿಗಳು ಪಕ್ಕದಿಂದ ದಾಟಿ ಹೋದವು. ಇದು ನಡುಗಿತು, ಬೆವರಿತು, ಆದರೆ ಹೆಜ್ಜೆ ಕೀಳಲಿಲ್ಲ. ಅದು ಕಾಯುತ್ತಿದ್ದದ್ದು ಹಲಗೆಯ ಸದ್ದಿಗೆ. ಆ ಮಾತು ಅವನಿಗೆ ಹೇಗೆ ಗೊತ್ತಿರಬೇಕು? ಕೊನೆಗೆ ಅಜ್ಜಿ ಬೆಲ್ಲ ತೋರಿಸುತ್ತ ನಡೆದಾಗ ಅವರ ಜೊತೆ ಹೆಜ್ಜೆ ಹಾಕಿತಂತೆ.

“ಹಂಗ ಓಡಾಕತ್ತಿದ್ದಳ, ಆದ್ರೂ ನನ್ನ ಗುರ್ತ ಹಿಡದಳ ನೋಡು,” ಎಂದರು ಅಜ್ಜಿ ನನಗೆ. “ಅಷ್ಟ ಹೊಡದ್ರೂ ನನ್ನ ಬಿಟ್ಟು ಹೋಗಲಿಲ್ಲ.”

ಅವರ ಮುಖದಲ್ಲಿ ಸಂತೋಷವಿತ್ತು. ನಾನು ನಿಜ ಹೇಳಲಿಲ್ಲ. ಕುದುರೆಯ ಪಕ್ಕೆಯ ಮೇಲೆ ಬಾಸುಂಡೆ ಎದ್ದಿದ್ದವು. ಅವು ಉಸ್ತಾದನ ಕೈಯವು ಅಲ್ಲ, ನನ್ನವು ಅನಿಸಿ ನಾಚಿಕೆಯಾಯಿತು.

ಮುಂದಿನ ದಿನಗಳಲ್ಲಿ ಗಂಜಿನಲ್ಲಿ ಯಾರು ಎದುರಾದರೂ, “ಸಾವುಕಾರ್ರ, ಮಾಣಿಕನಗರಕ್ಕ ಒಂದ ಸವಾರಿ ಬರತದೇನ್ರಿ?” ಎಂದು ಕೈ ಎತ್ತಿ ಕೇಳುವುದು ಸುರುವಾಯಿತು. ಕುದುರೆಯನ್ನು ನನಗೇ ಕೊಡಿ ಎಂದು ನಾನು ಹೋಗಿ ಕೇಳಿದೆ, ಕೈ ಮುಗಿದೇ ಕೇಳಿದೆ.

“ನಿನ್ನ ತಪ್ಪೇನಿಲ್ಲಪಾ, ನೀ ಶಾಂತ ಮಾಡಂದ್ರ ಶಾಂತ ಮಾಡೀದಿ,” ಅಂದರು. “ಆದ್ರ ಅದು ಇದೇ ಊರಾಗ ಟಾಂಗಾ ಎಳಕೋತ ತಿರಗ್ಯಾಡಿದ್ರ ನಾ ಮಾರಿ ಎತ್ತಿ ಅಡ್ಡಾಡೋದು ಹ್ಯಾಂಗ? ಬ್ಯಾಡ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಿಲ್ಲ ಎಂದದ್ದು ತಡೆಯಲಾಗಲಿಲ್ಲ. ಆ ವಾರವೇ ಕುದುರೆ ಕಲ್ಯಾಣಕ್ಕೆ ಹೋಯಿತು.

ಎರಡು ವರ್ಷ ನಾನು ಕಲ್ಯಾಣದ ಕಡೆಗೆ ತಲೆ ಹಾಕಲಿಲ್ಲ. ಸವಾರಿ ಸಿಕ್ಕರೂ ಬೇರೆಯವರಿಗೆ ಬಿಡುತ್ತಿದ್ದೆ. ಮೂರನೆಯ ವರ್ಷ ಟಾಂಗಾದ ಅಚ್ಚು ಮುರಿಯಿತು, ಅಂಥ ಅಚ್ಚು ಮಾಡುವವನು ಅಲ್ಲಿ ಮಾತ್ರ ಇದ್ದ. ಕೆಲಸ ಮುಗಿಸಿ ಸಂಜೆ ಪೇಟೆ ದಾರಿಯಲ್ಲಿ ಬರುವಾಗ ಎದುರಿಗೆ ಮೆರವಣಿಗೆ ಸಿಕ್ಕಿತು. ಮೊದಲು ಕಂಡದ್ದು ಬಿಳಿಯ ಹಿಂಗಾಲು.

ಮೈಮೇಲೆ ಜರಿಯ ಹೊದಿಕೆ, ಹಣೆಗೆ ಕುಚ್ಚು, ಬೆನ್ನ ಮೇಲೆ ಹೂವಿನ ಮುಸುಕಿನ ಮದುಮಗ. ಕಿವಿಗೆ ಬಡಿಯುವಂತೆ ತಾಶೆ ಬಾರಿಸುತ್ತಿದ್ದರು. ಪಟಾಕಿಯ ಸರ ಹೊತ್ತಿಸಿದರು. ಅದು ತಲೆಯನ್ನೂ ಎತ್ತಲಿಲ್ಲ. ನನ್ನ ಎದೆಯ ಮೇಲಿನ ಭಾರ ಅಲ್ಲೇ ಅರ್ಧ ಇಳಿಯಿತು. ಅಷ್ಟರಲ್ಲಿ ಕುಣಿಯುವವರು ಅದರ ಮುಂದೆ ಬಂದು ಎರಡೂ ಕೈ ಎತ್ತಿ ಕುಣಿದರು. ಕುದುರೆ ನಿಂತಿತು. ಬಿಳಿಯ ಕಾಲು ಮಡಚಿತು.

ಕುಣಿದವರು ಮುಂದೆ ಹೋದರು, ಬಾಜಾ ಮುಂದೆ ಹೋಯಿತು, ಕುದುರೆ ಹೋಗಲಿಲ್ಲ. ಲಗಾಮು ಹಿಡಿದವನು ಜಗ್ಗಿದ, ಹಿಂದಿನಿಂದ ಇಬ್ಬರು ನೂಕಿದರು. ಮದುಮಗ ಮುಸುಕು ಸರಿಸಿ ನೋಡತೊಡಗಿದ.

“ಯಾಕ ನಿಂತದ?” ಎಂದು ಹತ್ತಿರ ಹೋಗಿ ಕೇಳಿದೆ.

“ಇದರದು ಇದೊಂದೇ ರೋಗ ನೋಡ್ರಿ,” ಅಂದ ಹಿಡಿದವನು. “ಹೆದರಕಿ ಇಲ್ಲ, ಒದಿಯೂದಿಲ್ಲ, ಬಂಗಾರದಂಥಾ ಕುದುರಿ. ಆದ್ರ ನಿಂತರ ನಿಂತಂಗ. ತನಗ ಬೇಕಾದಾಗ ಹೊಂಡತದ.”

ಅದು ಮೂಗು ಚಾಚಿ ನನ್ನ ಹೆಗಲು ಮೂಸಿತು. ಗುರುತಿನಿಂದಲೋ ಬೆಲ್ಲಕ್ಕೋ ನಾನು ಹೇಳಲಾರೆ. ಪಕ್ಕದ ಅಂಗಡಿಯ ಬಾಗಿಲ ಹಲಗೆಗಳನ್ನು ತೆಗೆದು ಗೋಡೆಗೆ ಒರಗಿಸಿದ್ದರು. ನಾನು ಬೆರಳ ಗೆಣ್ಣಿನಿಂದ ಒಂದು ಹಲಗೆಗೆ ಎರಡು ಸಲ ಬಡಿದೆ. ಕುದುರೆ ಹೊರಟಿತು.

ಹಿಡಿದವನು ಬಾಯಿ ತೆರೆದು ನೋಡಿದ. ಅವನ ಜೊತೆ ನಾಲ್ಕು ಹೆಜ್ಜೆ ನಡೆದು, ಕೈ ಎತ್ತಿದರೆ ನಿಲ್ಲುತ್ತದೆ, ಕಟ್ಟಿಗೆಗೆ ಎರಡು ಸಲ ಬಡಿದರೆ ಹೊರಡುತ್ತದೆ ಎಂದು ಹೇಳಿದೆ. ಏನನ್ನೂ ಉಳಿಸಿಕೊಳ್ಳದೆ ಹೇಳಿದೆ. “ಮದಲ ಯಾರೂ ಹೇಳಲಿಲ್ಲ ನೋಡ್ರಿ,” ಅಂದ ಅವನು.

ನಾನು ಅಲ್ಲೇ ನಿಂತೆ. ಮುಂದಿನ ತಿರುವಿನಲ್ಲಿ ಮತ್ತೆ ಕೈಗಳು ಮೇಲೆದ್ದವು, ಕುದುರೆ ಮತ್ತೆ ನಿಂತಿತು. ಅವನು ತಾಶೆಯವನ ಕಡ್ಡಿ ಕಸಿದುಕೊಂಡು ಒಂದು ಅಂಗಡಿಯ ಕಟ್ಟೆಯ ಹಲಗೆಗೆ ಎರಡು ಸಲ ಬಡಿದ. ಅಷ್ಟು ಗದ್ದಲದಲ್ಲೂ ನನಗೆ ಅದು ಕೇಳಿಸಿತು, ಕುದುರೆಗೂ ಕೇಳಿಸಿತು. ಅದು ಹಿಂದೆ ನೋಡದೆ ಹೊರಟು ಹೋಯಿತು.