ಸರ್ವಿಸ್ ಎಂದರೆ ಕೊಸರು

ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಒಂಬತ್ತು. ಬ್ಲಾಂಚರ್ಡ್ಸ್‌ಟೌನಿನ ನಾವು ವಲಸೆ ಬಂದು ನೆಲೆಸಿದ ಬಡಾವಣೆಯ ಸಂತೆಯಲ್ಲಿ ನಾನು, ನನ್ನ ಮಗ, ಪಕ್ಕದ ಮನೆಯ ಕೊರಿಯಾದವಳು. ಎಂಟಕ್ಕೇ ಬರಬೇಕೆಂದು ಹೇಳಿದ್ದೆ. ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದ ನನಗೆ ಒಂದು ಗಂಟೆ ತಡವೆಂದರೆ ಏನೆಂದು ಇವರಿಬ್ಬರಿಗೆ ಹೇಳಿ ಫಲವಿಲ್ಲ.

ಕೊರಿಯಾದವಳು ನನ್ನ ಮಗನ ಜೊತೆ ಸಿಟಿವೆಸ್ಟಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಳು. ಕಂಪನಿ ಅವಳ ವಿಭಾಗವನ್ನೇ ಮುಚ್ಚಿತು. ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲವೆಂದು ಕಿಂಬಾಪ್ ಮಾರಲು ಹೊರಟಳು; ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಸುರುಳಿ ಅದು. ಅಂದು ಪರೀಕ್ಷೆಯ ದಿನ. ಮಾಲು ಉಳಿದರೆ ಸಂತೆಯವರು ಜಾಗವನ್ನು ಬೇರೆಯವರಿಗೆ ಕೊಡುತ್ತಿದ್ದರು.

ಜನ ಬಂದರು, ಬೆಲೆಯ ಹಲಗೆ ಓದಿದರು, ಮುಂದಕ್ಕೆ ಹೋದರು. ಒಬ್ಬಾಕೆ ಗಂಡನಿಗೆ, "ನಿಂತು ತಿನ್ನೋದಕ್ಕೂ ಸರ್ವಿಸ್ ಚಾರ್ಜ್ ಅಂತೆ" ಎಂದದ್ದು ಕಿವಿಗೆ ಬಿತ್ತು. ಆಗ ನಾನೂ ಹಲಗೆ ನೋಡಿದೆ. ಬೆಲೆಯ ಮುಂದೆ ದಪ್ಪಗೆ, 'ಜೊತೆಗೆ ಸರ್ವಿಸ್' ಎಂದಿತ್ತು.

"ಇದೇನಮ್ಮ, ಡಬ್ಬಿ ಕೈಗೆ ಕೊಡೋಕೂ ದುಡ್ಡಾ?" ಎಂದೆ ಇಂಗ್ಲಿಷಿನಲ್ಲಿ.

"ದುಡ್ಡಲ್ಲ ಇಮೋ, ಸರ್ವಿಸ್." ಇಮೋ ಎಂದರೆ ಅವರಲ್ಲಿ ದೊಡ್ಡಮ್ಮ. ಮೂಲಂಗಿ ಉಪ್ಪಿನಕಾಯಿಯ ಪುಟ್ಟ ಪೊಟ್ಟಣವೊಂದನ್ನು ಎತ್ತಿ ತೋರಿಸಿದಳು. "ನಮ್ಮೂರಲ್ಲಿ ಎಲ್ಲಾ ಅಂಗಡೀಲೂ ಕೊಡ್ತಾರೆ."

ಮಗ ನಕ್ಕ. "ಕೊಸರು ಕಣಮ್ಮ. ನೀನು ಸೊಪ್ಪಿನವಳ ಹತ್ರ ಜಗಳ ಆಡಿ ಹಾಕಿಸ್ಕೋತಿದ್ದೆಯಲ್ಲ, ಅದೇ."

"ಹಲಗೆ ಬರೆದವರ್ಯಾರು?"

"ನಾನೇ. ಅವಳು ಹೇಳ್ದಂಗೆ ಬರೆದೆ. ಗ್ರ್ಯಾಂಡ್ ಆಗಿದೆ ಅಂದ್ಕೊಂಡೆ."

"ಇಷ್ಟು ವರ್ಷ ಇಲ್ಲಿದ್ದು ಒಂದು ಹೋಟೆಲ್ ಬಿಲ್ ಓದಿಲ್ವೇನೋ?"

'ಉಪ್ಪಿನಕಾಯಿ ಪುಕ್ಕಟೆ' ಎಂದು ಬರೆಯಲು ಹೇಳಿದೆ. ಅದಕ್ಕೆ ಅವಳು ಒಪ್ಪಲಿಲ್ಲ. "ಹೇಳಿ ಕೊಟ್ರೆ ಅದು ಸರ್ವಿಸ್ ಅಲ್ಲ, ಇಮೋ." ಹಾಗಾದರೆ ಬರೆದದ್ದೇಕೆ ಎಂಬ ಪ್ರಶ್ನೆಯನ್ನು ನುಂಗಿಕೊಂಡು, ಆ ಸಾಲನ್ನೇ ಬಟ್ಟೆಯಿಂದ ಒರೆಸಿದೆ.

ಆಮೇಲೆ ಜನ ನಿಂತರು. ಡಬ್ಬಿ ಮುಚ್ಚಿದ ಮೇಲೆ ಅವಳು ಪೊಟ್ಟಣವೊಂದನ್ನು ಸೇರಿಸುವಳು. ಕೊಂಡವರು ಬೆರಗಾಗಿ ನಿಂತಲ್ಲೇ ಇನ್ನೊಂದು ಡಬ್ಬಿ ಕೇಳುವರು. ನಗುನಗುತ್ತಾ ಮಾತಾಡಿಸಿದವರಿಗೆ ಎರಡೆರಡು ಪೊಟ್ಟಣ. ಲೆಕ್ಕವಿಲ್ಲ, ಅಳತೆಯಿಲ್ಲ. ನಾನು ಸಾಕೆಂದು ಕಣ್ಣು ಬಿಟ್ಟರೆ ಮೂರನೆಯದನ್ನೂ ಹಾಕುವಳು. ಮಧ್ಯಾಹ್ನದ ಹೊತ್ತಿಗೆ ಸುರುಳಿಯೆಲ್ಲ ಖಾಲಿಯಾಯಿತು. ಸಂತೆಯವನು ಬಂದು ಬರಿದಾದ ತಟ್ಟೆ ನೋಡಿ, ಮುಂದಿನ ಶನಿವಾರದಿಂದ ಜಾಗ ನಿನ್ನದೇ ಎಂದ. ಅವಳು ಮುಖ ಮುಚ್ಚಿಕೊಂಡು ಅಳತೊಡಗಿದಳು. ಮಗ ಫೋಟೊ ತೆಗೆಯಲು ಓಡಾಡಿದ.

ಅನ್ನ ಒಣಗಿ ಅಂಟಿದ ತಟ್ಟೆಗಳ ಯೋಚನೆ ಇಬ್ಬರಿಗೂ ಇರಲಿಲ್ಲ. ಮನೆಗೆ ತಂದು ಬಿಸಿನೀರಿನಲ್ಲಿ ನೆನೆಸಿದೆ. ಅವಳು ತಿಕ್ಕಿದಳು, ಮಗ ತೊಳೆದ, ನಾನು ಒರೆಸಿ ಜೋಡಿಸಿದೆ.